ಕಪಾಟಿನ ಮೇಲಿನ ಗಿಟಾರ್‌ಗೆ ಒಬ್ಬ ಮಾಸ್ಟ್ರು

ಸದಸ್ಯರ ಮನೆಗಳಿಗೆ ಹೋದಾಗ ಈಚೆಗೆ ಕಪಾಟಿನ ಮೇಲೋ ಬಾಗಿಲ ಹಿಂದೋ ಒಂದು ಗಿಟಾರ್ ಕಾಣಿಸುತ್ತದೆ. ಮಗನೋ ಮಗಳೋ ಹತ್ತನೇ ತರಗತಿಯ ರಜೆಯಲ್ಲಿ ಹಟ ಹಿಡಿದು ತೆಗೆಸಿಕೊಂಡದ್ದು. ಎರಡು ತಿಂಗಳು ಮೊಬೈಲಿನಲ್ಲಿ ವಿಡಿಯೊ ನೋಡಿ ನುಡಿಸಿದ್ದಾಯಿತು, ಆಮೇಲೆ ಚೀಲದ ಜಿಪ್ ತೆಗೆದದ್ದೇ ಇಲ್ಲ. ಕೇಳಿದರೆ ಮನೆಯವರು "ಅವನಿಗೆ ಆಸಕ್ತಿ ಕಮ್ಮಿ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಚ್ಚಿನವರು ನಿಲ್ಲಿಸುವುದು ಕೈ ನೋಯುತ್ತದೆ ಎಂದು, ಇಲ್ಲವೇ ಎಷ್ಟು ನುಡಿಸಿದರೂ ವಿಡಿಯೊದಲ್ಲಿ ಕೇಳಿದ ಹಾಗೆ ಕೇಳುವುದಿಲ್ಲ ಎಂದು. ಎರಡಕ್ಕೂ ಕಾರಣ ಒಂದೇ: ನುಡಿಸುವವನನ್ನು ನೋಡುವವರು ಯಾರೂ ಇರಲಿಲ್ಲ.

ನನ್ನದೂ ಅದೇ ಕಥೆ. ನಲವತ್ತು ದಾಟಿದ ಮೇಲೆ ಗಿಟಾರ್ ಕೊಂಡು ಒಂದು ವರ್ಷ ವಿಡಿಯೊ ನೋಡಿಯೇ ಕಲಿತೆ. ಎಡಗೈಯ ಮಣಿಕಟ್ಟು ನೋಯಲು ಶುರುವಾಯಿತು. ಮೊದಮೊದಲು ನೋವು ಎಲ್ಲರಿಗೂ ಬರುತ್ತದೆ ಎಂದು ವಿಡಿಯೊದಲ್ಲೇ ಹೇಳಿದ್ದರಿಂದ ಹಲ್ಲು ಕಚ್ಚಿ ನುಡಿಸಿದೆ. ಕೊನೆಗೆ ಹುಡುಕಿಕೊಂಡು ಹೋದದ್ದು ಗಾನಮೇಳಗಳಲ್ಲಿ ಬಹಳ ವರ್ಷ ನುಡಿಸಿದ್ದ ಒಬ್ಬ ಮಲಯಾಳಿ ಮಾಷ್ ಹತ್ತಿರ. ಅವರು ನನ್ನಿಂದ ಒಂದು ಸಾಲು ನುಡಿಸಿ ಕೇಳಿದರು, ಏನೂ ಹೇಳದೆ ಎದ್ದು ಬಂದು ಗಿಟಾರನ್ನು ಹಿಡಿದು ನೆಟ್ಟಗೆ ಮಾಡಿದರು. ಬೆರಳು ಎಲ್ಲಿ ಬೀಳುತ್ತಿದೆ ಎಂದು ಕಾಣಬೇಕಲ್ಲ, ಅದಕ್ಕಾಗಿ ನಾನು ಗಿಟಾರಿನ ಮುಖವನ್ನು ಆಕಾಶಕ್ಕೆ ತಿರುಗಿಸಿ, ಅದನ್ನು ಹೊಟ್ಟೆಯ ಮೇಲೆ ಒರಗಿಸಿಕೊಂಡು ನುಡಿಸುತ್ತಿದ್ದೆ. ಹಾಗೆ ಹಿಡಿದರೆ ಮಣಿಕಟ್ಟು ಮಡಚಿಕೊಳ್ಳಲೇಬೇಕು. ಗಿಟಾರ್ ನೆಟ್ಟಗಾಯಿತು, ಕೈ ನೆಟ್ಟಗಾಯಿತು, ಎರಡು ವಾರದಲ್ಲಿ ನೋವು ಹೋಯಿತು. ಒಂದು ವರ್ಷ ನನಗೆ ಕಾಣದ ತಪ್ಪು ಅವರಿಗೆ ಅರ್ಧ ನಿಮಿಷದಲ್ಲಿ ಕಂಡಿತ್ತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಬೆರಳ ತುದಿ ಉರಿಯುವುದು ಸಹಜ. ಕೆಲವು ವಾರಗಳಲ್ಲಿ ಅಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು, ಮೊಣಕೈ, ಹೆಬ್ಬೆರಳ ಬುಡ ನೋಯುವುದು ಸಹಜವಲ್ಲ. ಅದು ಹಿಡಿತದ ತಪ್ಪು. ಆಗ ನಿಲ್ಲಿಸಬೇಕು, ಯಾರಿಗಾದರೂ ತೋರಿಸಬೇಕು.

ಅನುಭವಿ ಮಾಸ್ಟ್ರು ಮೊದಲ ತಿಂಗಳು ಮಾಡುವ ಕೆಲಸ ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. "ಇಷ್ಟು ದುಡ್ಡು ಕೊಟ್ಟು ಒಂದು ಹಾಡೂ ಬರಲಿಲ್ಲ" ಎಂದು ತಂದೆತಾಯಿ ಗೊಣಗುವುದು ಆಗಲೇ. ಆದರೆ ಆ ತಿಂಗಳಲ್ಲಿ ಆಗುವುದು ಇದು: ತಂತಿಯನ್ನು ಒತ್ತುವಾಗ ಬೆರಳು ಎರಡು ಫ್ರೆಟ್‌ಗಳ ನಡುವೆ ಎಲ್ಲೋ ಅಲ್ಲ, ಮುಂದಿನ ಫ್ರೆಟ್ಟಿನ ಬೆನ್ನಿಗೇ ಬೀಳಬೇಕು. ಅಲ್ಲಿ ಒತ್ತಿದರೆ ಅರ್ಧ ಬಲ ಸಾಕು, ನಾದವೂ ಸ್ವಚ್ಛ. ಹೆಬ್ಬೆರಳು ಕತ್ತಿನ ಹಿಂದೆ ಸುಮ್ಮನೆ ಒರಗಿರಬೇಕು, ಇಕ್ಕಳದ ಹಾಗೆ ಹಿಂಡಬಾರದು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲ ಬೆರಳುಗಳನ್ನೂ ಎತ್ತಬೇಕಿಲ್ಲ. ಸಿ ಕಾರ್ಡಿನಿಂದ ಎ ಮೈನರ್‌ಗೆ ಹೋಗುವಾಗ ಎರಡು ಬೆರಳು ಇದ್ದಲ್ಲೇ ಇರುತ್ತವೆ, ಒಂದು ಬೆರಳಷ್ಟೇ ಜಾಗ ಬದಲಿಸುತ್ತದೆ. ಇದನ್ನು ಯಾರಾದರೂ ತೋರಿಸುವವರೆಗೆ ಮಕ್ಕಳು ಪ್ರತಿ ಸಲ ಮೂರೂ ಬೆರಳು ಎತ್ತಿ ಹೊಸದಾಗಿ ಇಡುತ್ತಾರೆ, ತಾಳ ತಪ್ಪುತ್ತದೆ, ತಮಗೆ ತಾಳಜ್ಞಾನವೇ ಇಲ್ಲ ಅಂದುಕೊಳ್ಳುತ್ತಾರೆ.

ಮಾಸ್ಟ್ರನ್ನು ಅಳೆಯುವುದು ಹೇಗೆ? ಚೆನ್ನಾಗಿ ನುಡಿಸುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದೇನಿಲ್ಲ. ಒಂದು ಕ್ಲಾಸ್ ಸುಮ್ಮನೆ ಕೂತು ನೋಡಲು ಬಿಡುತ್ತೀರಾ ಎಂದು ಕೇಳಿ. ಬಿಡದವರ ಹತ್ತಿರ ಹೋಗಬೇಡಿ. ಆ ಹೊತ್ತಿನಲ್ಲಿ ಹೆಚ್ಚು ನುಡಿಸಿದ್ದು ಯಾರು, ಮಾಸ್ಟ್ರೋ ಶಿಷ್ಯನೋ, ಗಮನಿಸಿ. ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಅವರೇ ನುಡಿಸಿದರೆ ಅದು ಕಚೇರಿ, ಪಾಠ ಅಲ್ಲ. ಶ್ರುತಿ ಮಾಡುವಾಗ ಅವರೇ ಮಾಡಿ ಕೊಡುತ್ತಾರೋ, ಮಗುವಿನಿಂದ ಮಾಡಿಸುತ್ತಾರೋ? ಎರಡನೆಯದು ನಿಧಾನ, ಆದರೆ ಕಿವಿ ಬೆಳೆಯುವುದು ಅದರಿಂದಲೇ. ಮುಂದಿನ ವಾರದ ಅಭ್ಯಾಸವನ್ನು ಪುಸ್ತಕದಲ್ಲಿ ಬರೆದು ಕೊಡುವವರು ಸಿಕ್ಕರೆ ಬಿಡಬೇಡಿ.

ನಮ್ಮ ಊರುಗಳಲ್ಲಿ ಮಾಸ್ಟ್ರು ಸಿಗುವುದು ಹೆಚ್ಚಾಗಿ ಬೇರೆ ಭಾಷೆಯವರೇ: ಕಾಸರಗೋಡಿನಲ್ಲಿ ಮಲಯಾಳಿ, ಹೊಸೂರಿನಲ್ಲಿ ತಮಿಳರು, ಸೊಲ್ಲಾಪುರದಲ್ಲಿ ಮರಾಠಿಯವರು. ಗೋವೆಯ ಮಾತು ಬೇರೆ. ಅಲ್ಲಿ ಪಾಶ್ಚಾತ್ಯ ಸಂಗೀತವನ್ನು ಚರ್ಚುಗಳ ಶಾಲೆಗಳಲ್ಲಿ ಪೋರ್ಚುಗೀಸರ ಕಾಲದಿಂದ ಕಲಿಸುತ್ತ ಬಂದಿದ್ದಾರೆ, ಗಿಟಾರ್ ಹಿಡಿದವರಿಗೆ ಬರವಿಲ್ಲ. ಭಾಷೆಯ ಬಗ್ಗೆ ಹೆದರಬೇಕಿಲ್ಲ. ಬೆರಳ ಪಾಠಕ್ಕೆ ಮಾತು ಕಡಿಮೆ ಸಾಕು, ಸಿ ಡಿ ಇ ಎಲ್ಲ ಕಡೆಯೂ ಸಿ ಡಿ ಇ. ಮಾಸ್ಟ್ರು ಊರಲ್ಲೇ ಇಲ್ಲದವರು ಆನ್‌ಲೈನ್ ಪಾಠ ತೆಗೆದುಕೊಳ್ಳಬಹುದು; ವಿಡಿಯೊ ನೋಡಿ ಕಲಿಯುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಧ್ವನಿ ತಲುಪುವುದು ಸ್ವಲ್ಪ ತಡವಾಗುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ರೈಲು ಹತ್ತಿ ಹೋಗಿ ಎದುರು ಕೂತು ಬರುವುದು ಒಳ್ಳೆಯದು.

ಭಾಷೆ ನಿಜವಾಗಿ ಅಡ್ಡ ಬರುವುದು ಹಾಡಿನ ವಿಷಯದಲ್ಲಿ. ಮಾಸ್ಟ್ರು ಕಲಿಸುವುದು ಅವರಿಗೆ ಗೊತ್ತಿರುವ ಹಾಡು. ಎರಡು ವರ್ಷ ಕಲಿತ ಹುಡುಗನಿಗೆ ಮಲಯಾಳ ಚಿತ್ರಗೀತೆ ಹತ್ತು ಬರುತ್ತದೆ, ಇಂಗ್ಲಿಷಿನದು ನಾಲ್ಕು ಬರುತ್ತದೆ, ರಾಜ್ಯೋತ್ಸವದ ದಿನ ವೇದಿಕೆಗೆ ಕರೆದರೆ ಕನ್ನಡದ್ದು ಒಂದೂ ಇಲ್ಲ. ಇದಕ್ಕೆ ಮಾಸ್ಟ್ರನ್ನು ದೂರುವುದು ಸರಿಯಲ್ಲ. ಹಾಡು ಒಯ್ಯಬೇಕಾದವರು ನಾವು. ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವಥ್ ಅವರದೋ ಒಂದು ಧ್ವನಿಮುದ್ರಣ ಮೊಬೈಲಿನಲ್ಲಿ ಹಾಕಿಕೊಂಡು ಹೋಗಿ ಕೇಳಿಸಿ. ಪದ ಅರ್ಥವಾಗದಿದ್ದರೂ ಅನುಭವಿಯಾದವರು ಎರಡು ಸಲ ಕೇಳಿ ಕಾರ್ಡ್ ಹಿಡಿದುಬಿಡುತ್ತಾರೆ. ನಮ್ಮ ಮಾಷ್ ಒಂದು ಭಾವಗೀತೆ ಕೇಳಿ, ಇದು ದಾದ್ರಾ, ನೀನು ಕಲಿತ ಸ್ಟ್ರಮಿಂಗ್ ಇಲ್ಲಿ ನಡೆಯುವುದಿಲ್ಲ ಅಂದರು. ವಿಡಿಯೊಗಳಲ್ಲಿ ಹೆಚ್ಚಾಗಿ ಹೇಳಿಕೊಡುವುದು ನಾಲ್ಕರ ಎಣಿಕೆ. ನಮ್ಮ ಎಷ್ಟೋ ಭಾವಗೀತೆಗಳ ನಡೆ ಆರು ಮಾತ್ರೆಯದು, ಮೂರು ಮೂರಾಗಿ ಒಡೆಯುವಂಥದ್ದು. ಬಲಗೈಗೆ ಅದನ್ನು ಬೇರೆಯಾಗಿಯೇ ಕಲಿಸಬೇಕು.

ರಾಗದ ಪ್ರಶ್ನೆಯೂ ಬರುತ್ತದೆ. ಉದಾಹರಣೆಗೆ ಮೋಹನ ರಾಗದ ಒಂದು ಹಾಡು, ಉತ್ತರದವರಿಗೆ ಭೂಪಾಲಿ ಎಂದರೆ ತಿಳಿಯುತ್ತದೆ. ಅದರಲ್ಲಿ ಸ ರಿ ಗ ಪ ದ ಮಾತ್ರ; ಮಧ್ಯಮ, ನಿಷಾದ ಇಲ್ಲ. ಸಿ ಅನ್ನು ಷಡ್ಜ ಮಾಡಿಕೊಂಡು, ಹೊಸಬರು ಮೊದಲು ಕಲಿಯುವ ಸಿ, ಎಫ್, ಜಿ ಕಾರ್ಡುಗಳನ್ನು ಹಾಕಿದರೆ ಏನಾಗುತ್ತದೆ? ಎಫ್ ಕಾರ್ಡಿನೊಳಗೆ ಮಧ್ಯಮ ಇದೆ, ಜಿ ಕಾರ್ಡಿನೊಳಗೆ ನಿಷಾದ ಇದೆ. ಹಾಡುವವರು ಮೋಹನದಲ್ಲೇ ಇರುತ್ತಾರೆ, ಗಿಟಾರ್ ಬೇರೆ ಮನೆಗೆ ಹೋಗಿರುತ್ತದೆ. ಸಿ ಮತ್ತು ಎ ಮೈನರ್ ಎರಡರ ಸ್ವರಗಳೂ ರಾಗದ ಒಳಗೇ ಇವೆ. ಜಿ ಬೇಕೇ ಬೇಕಾದಲ್ಲಿ ಅದರ ನಿಷಾದವನ್ನು ಬಿಟ್ಟು ಪಂಚಮ, ರಿಷಭ ಎರಡನ್ನೇ ನುಡಿಸಬಹುದು. ಸುಗಮ ಸಂಗೀತದವರು, ಸಿನಿಮಾದವರು ಇದನ್ನು ಬೇಕೆಂದೇ ಮೀರುತ್ತಾರೆ, ಅದು ತಪ್ಪೂ ಅಲ್ಲ. ಗೊತ್ತಿದ್ದು ಮೀರುವುದು ಬೇರೆ, ಗೊತ್ತಿಲ್ಲದೆ ಮೀರುವುದು ಬೇರೆ. ಇನ್ನು ಗಮಕ. ಫ್ರೆಟ್ ಇರುವ ವಾದ್ಯದಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಮೇಲೇರಿಸಬಹುದೇ ಹೊರತು ಇಳಿಸಲು ಆಗುವುದಿಲ್ಲ. ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಯನ್ನು ಮಡಿಲಲ್ಲಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವುದು ಈ ಮಿತಿಯನ್ನು ದಾಟಲಿಕ್ಕೇ. ಅದು ಬೇರೆಯೇ ಕಲಿಕೆ.

ಭಜನೆ ಮಂಡಳಿಯವರಿಗೆ ಉಪಯೋಗಕ್ಕೆ ಬರುವುದು ಇನ್ನೊಂದು: ಕೇಪೋ. ಗಿಟಾರಿನ ಕತ್ತಿಗೆ ಅಡ್ಡವಾಗಿ ಸಿಕ್ಕಿಸುವ ಪುಟ್ಟ ಕ್ಲಿಪ್ಪು. ಹಾರ್ಮೋನಿಯಂನವರು "ಕಪ್ಪು ಒಂದು" ಅಂದರೆ ಗಿಟಾರಿನವರಿಗೆ ಸಿ ಶಾರ್ಪ್. ಅದರಲ್ಲಿ ನೇರವಾಗಿ ಕಾರ್ಡ್ ಹಿಡಿಯುವುದು ಹೊಸಬರಿಗೆ ಕಷ್ಟ. ಕೇಪೋವನ್ನು 1ನೇ ಫ್ರೆಟ್ಟಿಗೆ ಹಾಕಿ ಸಿ ಕಾರ್ಡನ್ನು ಹಿಡಿದರೆ ಕಪ್ಪು ಒಂದೇ ಬರುತ್ತದೆ. ಬಿಳಿ ಎರಡಕ್ಕೆ 2ನೇ ಫ್ರೆಟ್, ಕಪ್ಪು ಎರಡಕ್ಕೆ 3ನೇ ಫ್ರೆಟ್. ಹೆಂಗಸರ ಧ್ವನಿಗೆ ಕಪ್ಪು ನಾಲ್ಕು ಬೇಕೆಂದರೆ 1ನೇ ಫ್ರೆಟ್ಟಿನಲ್ಲೇ ಕೇಪೋ ಇಟ್ಟು ಜಿ ಕಾರ್ಡಿನಿಂದ ಶುರು ಮಾಡಿದರಾಯಿತು. ನಮ್ಮ ಕಾರ್ಯಕ್ರಮಗಳಲ್ಲಿ ಈಗ ಎಲ್ಲವೂ ಕರೋಕೆ. ಟ್ರ್ಯಾಕಿನ ಶ್ರುತಿಯನ್ನು ಮೊಬೈಲಿನಲ್ಲೂ ಏರಿಸಿ ಇಳಿಸಬಹುದು, ನಿಜ. ಆದರೆ ಹಾಡುವ ಅಕ್ಕನಿಗೆ ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಳ್ಳಬೇಕು ಅನ್ನಿಸಿದರೆ ಟ್ರ್ಯಾಕ್ ಕಾಯುವುದಿಲ್ಲ. ಪಕ್ಕದಲ್ಲಿ ಗಿಟಾರ್ ಹಿಡಿದು ಕೂತ ಹುಡುಗ ಕಾಯುತ್ತಾನೆ.

ಕೊಳ್ಳುವ ಮೊದಲೇ ಮಾಸ್ಟ್ರನ್ನು ಕೇಳಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೇರೆ, ಉಕ್ಕಿನ ತಂತಿಯ ಅಕೂಸ್ಟಿಕ್ ಬೇರೆ. ಪರೀಕ್ಷೆ ಕಟ್ಟಿಸುವ ಆಲೋಚನೆ ಇದ್ದರೆ ಯಾವುದಕ್ಕೆ ಯಾವುದು ಎಂದು ಮೊದಲೇ ತಿಳಿದಿರಬೇಕು. ಎಂಟೊಂಬತ್ತು ವರ್ಷದ ಮಕ್ಕಳಿಗೆ ಮುಕ್ಕಾಲು ಅಳತೆಯದು ಸಾಕು. ಅಂಗಡಿಯಿಂದ ಬಂದ ಅಗ್ಗದ ಗಿಟಾರುಗಳಲ್ಲಿ ತಂತಿ ಬಹಳ ಎತ್ತರದಲ್ಲಿರುತ್ತದೆ. 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿಗೂ ಫ್ರೆಟ್ಟಿಗೂ ನಡುವೆ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಉಕ್ಕಿನ ತಂತಿಯದು ನುಡಿಸಲು ಹಿತ. ನಾಲ್ಕು ಇದ್ದರೆ ದೊಡ್ಡವರ ಬೆರಳೇ ಸೋಲುತ್ತದೆ. ಇದನ್ನು ತಗ್ಗಿಸಿ ಕೊಡುವ ಕೆಲಸ ದೊಡ್ಡದಲ್ಲ. ಆಸಕ್ತಿ ಇಲ್ಲ ಎಂದು ಬೈಸಿಕೊಂಡ ಎಷ್ಟು ಮಕ್ಕಳ ಗಿಟಾರಿನಲ್ಲಿ ಇದೊಂದೇ ದೋಷ ಇದ್ದೀತೋ.

ಫೀಸಿನ ಮಾತು ಮೊದಲ ದಿನವೇ ಆಗಲಿ. ತಿಂಗಳಿಗೋ ಕ್ಲಾಸಿಗೋ, ನಾವು ತಪ್ಪಿಸಿದರೆ ಏನು, ಅವರು ತಪ್ಪಿಸಿದರೆ ಏನು. ಚಿಕ್ಕ ಮಕ್ಕಳಾದರೆ ಮನೆಯವರೊಬ್ಬರು ಅದೇ ಕೋಣೆಯಲ್ಲಿ ಕೂರುವುದಕ್ಕೆ ಒಪ್ಪಿಗೆ ಇರಬೇಕು. ಇದರಲ್ಲಿ ಸಂಕೋಚ ಬೇಡ, ಒಳ್ಳೆಯ ಮಾಸ್ಟ್ರಿಗೆ ಬೇಸರವೂ ಆಗುವುದಿಲ್ಲ. ವಾರಕ್ಕೊಂದು ಪಾಠ, ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ. ಭಾನುವಾರ ಒಂದೇ ದಿನ ಎರಡು ಗಂಟೆ ಕೂತರೆ ಬೆರಳು ನೋಯುತ್ತದೆ, ಪಾಠ ಉಳಿಯುವುದಿಲ್ಲ.

ಕಪಾಟಿನ ಮೇಲಿನದನ್ನು ಈಗ ಇಳಿಸುವವರು ಮೊದಲು ತಂತಿ ಬದಲಿಸಿ. ಕರಾವಳಿಯ ನಮ್ಮಲ್ಲಿ ಒಂದು ಮಳೆಗಾಲಕ್ಕೇ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ತುಕ್ಕಿನ ತಂತಿ ಬೆರಳನ್ನು ಕೊಯ್ಯುತ್ತದೆ, ಶ್ರುತಿಯಲ್ಲೂ ನಿಲ್ಲುವುದಿಲ್ಲ. ನುಡಿಸಿದ ಮೇಲೆ ಪ್ರತಿ ಸಲ ಒಣಬಟ್ಟೆಯಿಂದ ಒರೆಸಿಡಿ. ಸೊಲ್ಲಾಪುರ, ಆದೋನಿ ಕಡೆಯವರಿಗೆ ತೊಂದರೆ ಇದರ ತಿರುವುಮುರುವು: ಬೇಸಗೆಯ ಒಣಹವೆಗೆ ಮರ ಸೀಳುವುದುಂಟು. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.