ಹೊಸ್ತಿಲ ಮೇಲೊಂದು ಒಡಪು

ಧಾರವಾಡದ ಹತ್ತಿರದ ಹಳ್ಳಿಯ ಮದುವೆಮನೆ. ಮದುಮಗಳು ಸೇರಕ್ಕಿ ಒದ್ದು ಒಳಗೆ ಬರಬೇಕು, ನಾದಿನಿಯರು ಬಾಗಿಲಿಗೆ ಅಡ್ಡ ನಿಂತಿದ್ದಾರೆ. “ವೈನಿ, ಹೆಸರ ಹೇಳ್ರಿ, ಆಮ್ಯಾಲ ಒಳಗ ಬರ್ರಿ.” ಬರೀ ಗಂಡನ ಹೆಸರು ಹೇಳಿದರೆ ನಡೆಯದು, ಅದನ್ನು ಪ್ರಾಸದಲ್ಲಿ ಕೂಡಿಸಿ ಒಡಪು ಕಟ್ಟಬೇಕು. ಬೆಂಗಳೂರಿನಲ್ಲಿ ನೌಕರಿ ಮಾಡುವ, ಫೋನಿನಲ್ಲಿ ಗಂಡನನ್ನು ಹೆಸರು ಹಿಡಿದೇ ಕರೆಯುವ ಹುಡುಗಿ ಅವಳು. ತಡವಾಗಿ ಬಂದ ರೈಲು, ಅದಕ್ಕಿಂತ ತಡವಾಗಿ ಬಂದ ಗಂಡು, ಅತ್ತೆ ಮಾಡಿದ ಗಿರಮಿಟ್ಟು ಎಲ್ಲವನ್ನೂ ಪ್ರಾಸಕ್ಕೆ ಕೂಡಿಸಿ ಕೊನೆಯಲ್ಲಿ ಹೆಸರು ಇಳಿಸಿದಳು. ಹೆಂಗಸರೆಲ್ಲ ಹೋ ಎಂದರು. ಆ ಗದ್ದಲ ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

ಗಂಡನ ಹೆಸರು ಬಾಯಲ್ಲಿ ಬರಬಾರದು ಎಂಬ ಕಟ್ಟುಪಾಡಿನೊಳಗೇ ಹುಟ್ಟಿದ ಜಾಣತನ ಇದು. ಮೊದಲ ಸಾಲುಗಳಿಗೂ ಗಂಡನಿಗೂ ಸಂಬಂಧ ಬೇಕಿಲ್ಲ. ಒಲೆ, ಎತ್ತು, ಎಲ್ಲಮ್ಮನ ಜಾತ್ರೆ ಏನೂ ಬರಬಹುದು. ಕೇಳುವವರನ್ನು ಎಲ್ಲೆಲ್ಲೋ ಅಲೆದಾಡಿಸಿ ಹೆಸರಿಗೆ ತಂದು ನಿಲ್ಲಿಸುವುದರಲ್ಲೇ ಅದರ ಸೊಗಸು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಮ್ಮ ಕಾಲದವನ್ನು ಹೇಳಲು ಶುರು ಮಾಡಿದವರು ಪಂಕ್ತಿ ಎದ್ದರೂ ನಿಲ್ಲಿಸಲಿಲ್ಲ. ಒಂದರಲ್ಲಿ ಗಂಡನ ಜಿಪುಣತನ, ಇನ್ನೊಂದರಲ್ಲಿ ಅತ್ತೆ ಸೊಂಟದಿಂದ ಬಿಚ್ಚದ ಕೀಲಿಕೈ. ಬೇರೆ ದಿನ ಆಡಿದ್ದರೆ ಮನೆಯಲ್ಲಿ ರಂಪವಾಗುವ ಮಾತುಗಳು! ಅಜ್ಜ ಸಿಟ್ಟಾಗುತ್ತಿರಲಿಲ್ಲವೇ ಎಂದೆ. “ಸಿಟ್ಟಾಗೂದ್ಹೆಂಗ? ಒಡಪಿನಾಗ ಹೇಳೀನಲ್ಲ.”

ಇಂಥ ತಮಾಷೆಯ ಸಂಬಂಧಗಳ ಬಗ್ಗೆ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಅವರ ಪ್ರಕಾರ ಮದುವೆ ಎರಡು ಮನೆಗಳನ್ನು ಕೂಡಿಸುತ್ತದೆ, ಆದರೂ ಅವು ಬೇರೆಯಾಗಿಯೇ ಉಳಿಯುತ್ತವೆ. ಜಗಳ ತಪ್ಪಿಸಲು ಇರುವ ದಾರಿ ಎರಡು: ಒಂದೋ ಅತಿ ಮರ್ಯಾದೆ, ಇಲ್ಲವೇ ಒಪ್ಪಿತ ಗೇಲಿ. ನಮ್ಮಲ್ಲೂ ಗಂಡನ ಅಣ್ಣನ ಮುಂದೆ ತಲೆ ತಗ್ಗಿಸುವವಳು ಮೈದುನನ ಕಾಲೆಳೆಯುತ್ತಾಳೆ. ಸೋದರಮಾವನ ಮಕ್ಕಳ ಜೊತೆಗಿನ ಚೇಷ್ಟೆಗಂತೂ ಲೆಕ್ಕವಿಲ್ಲ. ವಿವರಣೆ ಸರಿ, ಆದರೆ ನನಗೆ ಸಾಲದು. ಶಾಂತಿ ಕಾಯುವುದಷ್ಟೇ ಉದ್ದೇಶವಾಗಿದ್ದರೆ ಅಜ್ಜಿ ಅಷ್ಟು ಚಂದದ ಪ್ರಾಸ ಹುಡುಕುತ್ತಿರಲಿಲ್ಲ. ಅವರಿಗೆ ಗೆಲ್ಲಬೇಕಿತ್ತು. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ಹಳ್ಳಿಯ ಹೆಂಗಸರ ತ್ರಿಪದಿಗೆ ತಂದುಕೊಟ್ಟ ಗೌರವ ಈ ಒಡಪುಗಳಿಗೂ ಸಲ್ಲಬೇಕು.

ಮೈಬಣ್ಣವನ್ನೋ ತವರಿನ ಬಡತನವನ್ನೋ ಹಿಡಿದು ಸೊಸೆಯನ್ನು ಕುಟುಕಿ, ಆಮೇಲೆ “ತಮಾಷೆಗೆ ಅಂದೆ” ಎನ್ನುವವರೂ ಮದುವೆಮನೆಗಳಲ್ಲಿ ಇರುತ್ತಾರೆ. ಅದನ್ನು ನಾನು ತಮಾಷೆ ಎನ್ನಲಾರೆ, ಅಲ್ಲಿ ಅವಳಿಗೆ ಮರುಮಾತಿನ ಹಕ್ಕಿಲ್ಲ. ಒಡಪಿನ ಸರದಿಯಾದರೋ ಗಂಡಿಗೂ ಬರುತ್ತದೆ. ಹೆಂಡತಿಯ ಹೆಸರಿಗೆ ಪ್ರಾಸ ಸಿಗುವ ತನಕ ಅವನನ್ನೂ ಬಿಡುವುದಿಲ್ಲ.