ಕಾಲಡಿಯ ಜಯಂತಿ

ಹೊಲದ ಬದು, ರಸ್ತೆಯ ಅಂಚು, ಶಾಲೆಯ ಮೈದಾನ, ಹಳೆಯ ಗೋಡೆಯ ಬಿರುಕು - ಎಲ್ಲೆಂದರಲ್ಲಿ ನೆಲಕ್ಕೊರಗಿ ಬೆಳೆಯುವ ಪುಟ್ಟ ಗಿಡವೊಂದಿದೆ. ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂದೇ ಒಂದು ಹೂ. ನಡುವೆ ಹಳದಿ, ಸುತ್ತಲೂ ನಾಲ್ಕಾರು ಬಿಳಿಚು ಎಸಳು. ಇದೇ ಜಯಂತಿ. ಕೆಲವೆಡೆ ‘ಗಬ್ಬು ಸಣ್ಣ ಸೇವಂತಿ’ ಎಂದೂ ಕರೆಯುತ್ತಾರೆ. ಸೇವಂತಿ, ಸೂರ್ಯಕಾಂತಿಗಳ ಕುಟುಂಬವಾದ ಆಸ್ಟರೇಸಿಗೆ ಸೇರಿದ ಬಹುವಾರ್ಷಿಕ ಸಸ್ಯವಿದು. 1753ರಲ್ಲಿ ಲಿನೇಯಸ್ ಇದಕ್ಕೆ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್ ಎಂದು ಹೆಸರಿಟ್ಟ. ಎರಡನೆಯ ಪದದ ಅರ್ಥವೇ ‘ನೆಲಕ್ಕೊರಗಿದ್ದು’. ಇದರ ತವರು ಉಷ್ಣವಲಯದ ಅಮೆರಿಕ.

ಹರಡುವ ಕಾಂಡದ ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಆದ್ದರಿಂದಲೇ ಕಿತ್ತೆಸೆದರೂ ಉಳಿದ ತುಂಡು ಮತ್ತೆ ಚಿಗುರುತ್ತದೆ. ಎಲೆಗಳು ಎದುರುಬದುರು; ಅಂಚು ಗರಗಸದಂತೆ, ಮೈಯೆಲ್ಲ ಒರಟು ರೋಮ. ಹೂತೊಟ್ಟು 10ರಿಂದ 30 ಸೆಂಟಿಮೀಟರ್ ಉದ್ದ.

ಸೋಜಿಗವಿರುವುದು ಹೂವಿನಲ್ಲಿ. ನಾವು ಒಂದು ಹೂ ಎಂದುಕೊಳ್ಳುವುದು ನಿಜಕ್ಕೂ ಹತ್ತಾರು ಹೂಗಳ ಗುಂಪು! ಎಸಳಿನಂತೆ ಕಾಣುವ ಒಂದೊಂದೂ ಒಂದು ಹೆಣ್ಣು ಹೂ. ಅದರ ತುದಿಯಲ್ಲಿ ಪುಟ್ಟ ಹಲ್ಲುಗಳು. ನಡುವಿನ ಹಳದಿ ಕೊಳವೆಗಳು ದ್ವಿಲಿಂಗಿ ಹೂಗಳು. ಒಣಗಿದ ಮೇಲೆ ಪ್ರತಿ ಕಾಯಿಯ ನೆತ್ತಿಯಲ್ಲೂ ಗರಿಯಂಥ ಕುಚ್ಚು ಬಿಚ್ಚಿಕೊಳ್ಳುತ್ತದೆ. ಗಾಳಿ ಬೀಸಿದರೆ ಸಾಕು, ಪಯಣ ಆರಂಭ. ಬಹುಪಾಲು ವರ್ಷವಿಡೀ ಅರಳುವುದರಿಂದ ಚಿಟ್ಟೆ, ಜೇನ್ನೊಣಗಳಿಗೆ ಇದೊಂದು ಅನ್ನಛತ್ರ.

ಹಳ್ಳಿಗಳಲ್ಲಿ ಕುಡುಗೋಲು ತಾಗಿದರೆ ಈ ಎಲೆಯ ರಸ ಹಿಂಡುವ ರೂಢಿಯುಂಟು. ಗಾಯ ಮಾಯಿಸುವ ಗುಣದ ಬಗ್ಗೆ ಪ್ರಾಣಿಗಳ ಮೇಲೆ ಪ್ರಯೋಗಗಳೂ ನಡೆದಿವೆ. ಆದರೆ ಮಣ್ಣು ಮೆತ್ತಿದ ಎಲೆಯನ್ನು ಆಳವಾದ ಗಾಯಕ್ಕೆ ಒತ್ತುವುದು ಅಪಾಯ. ಗಾಯ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಧನುರ್ವಾಯು ತಡೆಯುವುದು ಚುಚ್ಚುಮದ್ದೇ ಹೊರತು ಸೊಪ್ಪಲ್ಲ.

ಇದೇ ಕುಟುಂಬದ, ಅದೇ ಅಮೆರಿಕದ ಇನ್ನೊಬ್ಬ ಅತಿಥಿ ಪಾರ್ಥೇನಿಯಂ, ಅಂದರೆ ನಮ್ಮ ‘ಕಾಂಗ್ರೆಸ್ ಗಿಡ’. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಚರ್ಮದ ತುರಿಕೆಗೆ, ಉಬ್ಬಸಕ್ಕೆ ಕಾರಣವಾಗುತ್ತದೆ. ಅದನ್ನು ನಿರ್ಮೂಲ ಮಾಡುವ ಭರದಲ್ಲಿ ಬಿಳಿ ಹೂವಿನ ಗಿಡಗಳಿಗೆಲ್ಲ ಕಳೆನಾಶಕ ಸಿಂಪಡಿಸಿದರೆ ಜಯಂತಿಯೂ ಸಾಯುತ್ತದೆ. ಇವೆರಡರ ವ್ಯತ್ಯಾಸ ಸುಲಭ. ಪಾರ್ಥೇನಿಯಂ ನೆಟ್ಟಗೆ ಬೆಳೆಯುತ್ತದೆ. ಎಲೆ ಕ್ಯಾರೆಟ್ ಸೊಪ್ಪಿನಂತೆ ಸೀಳುಸೀಳು. ಕವಲುಗಳ ತುಂಬ ಮಣಿಯಂಥ ಬಿಳಿ ಹೂ. ಜಯಂತಿಗೆ ತೊಟ್ಟಿಗೊಂದೇ ಹೂ.

ಬೆಳೆಯ ನಡುವೆ ಜಯಂತಿಯೂ ಕಳೆಯೇ. ಅಮೆರಿಕ ಸಂಯುಕ್ತ ಸಂಸ್ಥಾನ ಇದನ್ನು ಉಪದ್ರವಿ ಕಳೆಗಳ ಪಟ್ಟಿಗೆ ಸೇರಿಸಿದೆ. ಹೊಲದಲ್ಲಿ ಕೀಳೋಣ, ಆದರೆ ದಾರಿಬದಿಯಲ್ಲಿ ಕೈ ಹಾಕುವ ಮುನ್ನ ಒಮ್ಮೆ ಬಗ್ಗಿ ಎಲೆಯನ್ನು ನೋಡೋಣ.