ಹಳೆಯ ಕಿಟಕಿ ಮತ್ತು ಸೀಸದ ಧೂಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆ ತೆಂಗಿನ ನಾಡು. ಇಲ್ಲಿಯ ಹಳೆಯ ಮನೆಗಳ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ; ಬಳಿಕ ಅದನ್ನು ಅಂಗಳದಲ್ಲಿ ಸುಲಿದು ಒಡೆಯುತ್ತಾರೆ. ಅದೇ ಅಂಗಳದತ್ತ ತೆರೆಯುವ ಮರದ ಕಿಟಕಿಗಳು ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರುಗಳಷ್ಟು ಹಳೆಯವು. ಬಲಿತ ಮರದ ಇಂಥ ಕಿಟಕಿಗಳನ್ನು ಕಿತ್ತೊಗೆಯದೆ ದುರಸ್ತಿಮಾಡಿ ಉಳಿಸಿಕೊಳ್ಳುವುದು ವಿವೇಕದ ಕಾರ್ಯವೇ ಸರಿ. ಆದರೆ ಅವುಗಳ ಮೇಲೆ ಪದರಪದರವಾಗಿ ಕುಳಿತ ಎಣ್ಣೆಬಣ್ಣದಲ್ಲಿ ಸೀಸವೆಂಬ ವಿಷಲೋಹ ಅಡಗಿರಬಹುದು.

ಬಣ್ಣಕ್ಕೆ ಸೀಸವನ್ನು ಏಕೆ ಬೆರೆಸುತ್ತಿದ್ದರು? ತೆಂಗಿನೆಣ್ಣೆಯನ್ನು ಹಲಗೆಗೆ ಸವರಿದರೆ ಅದು ಒಣಗದೆ ಜಿಡ್ಡಾಗಿಯೇ ಉಳಿಯುತ್ತದೆ. ಅದರ ಕೊಬ್ಬಿನಾಮ್ಲಗಳು ಬಹುಮಟ್ಟಿಗೆ ಪರ್ಯಾಪ್ತವಾದುವು. ಆಮ್ಲಜನಕದೊಡನೆ ಕೂಡಲು ಅವುಗಳಲ್ಲಿ ಎಡೆಯಿಲ್ಲ. ಅಗಸೆ ಎಣ್ಣೆಯ ಅಣುಗಳಲ್ಲಾದರೋ ದ್ವಿಬಂಧಗಳು ಹಲವು. ಅವು ಗಾಳಿಯ ಆಮ್ಲಜನಕವನ್ನು ಹೀರಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಸೀಸದ ಸಂಯುಕ್ತಗಳು ಈ ಕ್ರಿಯೆಯನ್ನು ತ್ವರೆಗೊಳಿಸುವುದಲ್ಲದೆ, ಎಣ್ಣೆಯೊಡನೆ ಸಾಬೂನಿನಂಥ ಲವಣಗಳಾಗಿ ಪೊರೆಗೆ ಬಾಳಿಕೆಯನ್ನು ಕೊಡುತ್ತವೆ. ಬಿಳಿಗೆ ಸೀಸದ ಕಾರ್ಬೊನೇಟು, ಹಳದಿಗೆ ಸೀಸದ ಕ್ರೋಮೇಟು, ಕಬ್ಬಿಣದ ಸರಳು ತುಕ್ಕುಹಿಡಿಯದಂತೆ ಕೆಂಪು ಸೀಸ—ಹೀಗೆ ಸೀಸ ಬಣ್ಣದ ಡಬ್ಬಿಯನ್ನು ಸೇರಿತು.

ಇದರ ಕೇಡನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್. ಜಗಲಿಯ ಕಟಾಂಜನಗಳಿಂದ ಬಿಸಿಲಿಗೆ ಪುಡಿಯಾಗಿ ಉದುರುವ ಬಣ್ಣವು ಮಕ್ಕಳ ಬೆರಳಿಗಂಟಿ ಬಾಯನ್ನು ಸೇರುತ್ತಿದೆಯೆಂದು ಅವರು ೧೯೦೪ರಲ್ಲಿ ಬರೆದರು. ದೇಹಕ್ಕೆ ಸೀಸ ಸುಣ್ಣಾಂಶದ ವೇಷದಲ್ಲಿ ಬಂದ ಕಳ್ಳ. ಕ್ಯಾಲ್ಸಿಯಂ ಹೋಗುವಲ್ಲೆಲ್ಲ ಅದೂ ಹೋಗಿ ನರಕೋಶಗಳ ಕೆಲಸವನ್ನು ಕೆಡಿಸುತ್ತದೆ. ಎಲುಬಿನಲ್ಲಿ ದಶಕಗಳ ಕಾಲ ನೆಲೆಸುತ್ತದೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಬಲ್ಲದು. ಇಷ್ಟಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲ.

ನಮ್ಮಲ್ಲಿಯೂ ಈ ವಿಷಯದಲ್ಲಿ ಎಚ್ಚರ ಮೂಡಿತು. ೧೯೯೯ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷವನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಜರುಗಿತು. ಅಲ್ಲಿಯ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಕಾರ್ಯಕ್ಕಾಗಿ ಬಹುಕಾಲ ದುಡಿದರು. ೨೦೧೬ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ ಮನೆಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸ ೯೦ ಭಾಗವನ್ನು ಮೀರಕೂಡದು. ಈ ಮಿತಿ ೨೦೧೭ರ ನವೆಂಬರ್ ೧ರಿಂದ ಜಾರಿಗೆ ಬಂದಿತು. ಆದರೆ ಈ ನಿಯಮವು ತಯಾರಾಗುವ, ಮಾರಾಟವಾಗುವ ಬಣ್ಣವನ್ನು ಕುರಿತದ್ದು. ಈಗಾಗಲೇ ಕಿಟಕಿಯ ಮೇಲಿರುವ ಬಣ್ಣದ ಹೊಣೆ ಮನೆಯವರದೇ. ಅಮೆರಿಕದಲ್ಲಿ ೧೯೭೮ಕ್ಕೆ ಹಿಂದಿನ ಮನೆಗಳಲ್ಲಿ ಬಣ್ಣ ಕೆದಕುವ ಕೂಲಿ ಕೆಲಸಕ್ಕೆ ತರಬೇತಿ ಪಡೆದವರೇ ಬೇಕೆಂಬ ನಿಯಮ ೨೦೧೦ರಲ್ಲಿ ಜಾರಿಗೆ ಬಂದಿತು.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಅಷ್ಟು ಭಯವಿಲ್ಲ. ಭಯ ಇರುವುದು ಧೂಳಿನಿಂದ. ಗೋಡೆಗಿಂತ ಕಿಟಕಿಯೇ ಹೆಚ್ಚು ಅಪಾಯಕರವಾಗಲು ಕಾರಣವೂ ಇದೇ. ತೆರೆದು ಮುಚ್ಚುವಾಗಲೆಲ್ಲ ಕದ ಚೌಕಟ್ಟಿಗೆ ಉಜ್ಜಿ ಬಣ್ಣವನ್ನು ಅರೆಯುತ್ತದೆ. ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿದರಂತೂ ನವುರಾದ ಧೂಳು ಮನೆಯನ್ನೆಲ್ಲ ತುಂಬುತ್ತದೆ. ಉರಿಯಿಂದ ಸುಟ್ಟು ಕೆರೆದರೆ ಸೀಸದ ಹೊಗೆ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ೨೦೧೭ಕ್ಕೆ ಹಿಂದಿನ ಎಣ್ಣೆಬಣ್ಣವನ್ನು, ಪರೀಕ್ಷೆಯಾಗುವವರೆಗೆ, ಸೀಸವುಳ್ಳದ್ದೆಂದೇ ಎಣಿಸುವುದು ಕ್ಷೇಮ. ಬಣ್ಣ ಭದ್ರವಾಗಿದ್ದರೆ ತೊಳೆದು, ಮೇಲೆ ಹೊಸ ಬಣ್ಣ ಹಚ್ಚಿದರೆ ಸಾಕು. ಸಿಪ್ಪೆಯೆದ್ದಿದ್ದರೆ ಅಥವಾ ಅಂಚುಗಳು ಉಜ್ಜುತ್ತಿದ್ದರೆ ಬಡಗಿಯಿಂದ ಕದಗಳನ್ನು ಕಳಚಿಸಿ, ಕೊಬ್ಬರಿ, ಬಾವಿ, ದನದ ಮೇವುಗಳಿಂದ ದೂರದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲಿರಿಸಬೇಕು. ಮಕ್ಕಳೂ ಗರ್ಭಿಣಿಯರೂ ಅತ್ತ ಸುಳಿಯಬಾರದು. ಬಣ್ಣವನ್ನು ನೀರು ಚಿಮುಕಿಸಿ ಒದ್ದೆಮಾಡುತ್ತಲೇ ಕೆರೆಯಬೇಕು. ಮೂಗಿಗೆ ಕಟ್ಟಿದ ಬಟ್ಟೆ ಸಾಲದು; ನವುರು ಧೂಳನ್ನು ಸೋಸುವ ಮುಖವಾಡವೇ ಬೇಕು. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆಬಟ್ಟೆಯಿಂದ ಒರೆಸಬೇಕು. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಕೆರೆದ ಚೂರುಗಳನ್ನು ಹಾಳೆಸಹಿತ ಸುತ್ತಿ ಚೀಲದಲ್ಲಿ ಬಿಗಿದಿಟ್ಟು, ವಿಲೇವಾರಿಗೆ ಸ್ಥಳೀಯ ಸಂಸ್ಥೆಯನ್ನು ವಿಚಾರಿಸಬೇಕು.

ಇನ್ನೊಂದು ಮುಖ್ಯ ಮಾತು. ಕಿತ್ತ ಹಲಗೆಯ ತುಂಡುಗಳನ್ನು ಬಚ್ಚಲ ಒಲೆಗೆ ತುಂಬುವ ರೂಢಿ ನಮ್ಮಲ್ಲಿದೆ. ಮರ ಸುಟ್ಟುಹೋದರೂ ಸೀಸ ಸುಟ್ಟು ಇಲ್ಲವಾಗುವುದಿಲ್ಲ. ಒಂದು ಪಾಲು ಹೊಗೆಯಾಗುತ್ತದೆ, ಉಳಿದುದು ಬೂದಿಯಲ್ಲಿರುತ್ತದೆ. ಆ ಬೂದಿಯಿಂದ ಪಾತ್ರೆ ಬೆಳಗಿದರೆ, ಅದನ್ನು ತೆಂಗಿನ ಬುಡಕ್ಕೆ ಸುರಿದರೆ, ವಿಷವನ್ನು ನಾವೇ ಅಡುಗೆಮನೆಗೂ ತೋಟಕ್ಕೂ ಹೊತ್ತು ಹಾಕಿದಂತಾಯಿತು.

ಕೊಳೆತ ಭಾಗವಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯಬಹುದು. ಬಳಿಕ ಅಂಚುಗಳು ಉಜ್ಜದಂತೆ ಕದವನ್ನು ಹೊಂದಿಸಿ, ಸೀಸವು ಮಿತಿಯೊಳಗಿರುವುದೆಂದು ಡಬ್ಬಿಯ ಮೇಲೆ ಮುದ್ರಿತವಾದ ಬಣ್ಣವನ್ನೇ ಹಚ್ಚತಕ್ಕದ್ದು. ಹಿರಿಯರ ಕಿಟಕಿಯನ್ನು ಉಳಿಸುವುದಕ್ಕೂ ಕಿರಿಯರ ಆರೋಗ್ಯವನ್ನು ಕಾಯುವುದಕ್ಕೂ ವಿರೋಧವಿಲ್ಲ. ಎರಡಕ್ಕೂ ಬೇಕಾದುದು ಒಂದಿಷ್ಟು ನೀರು, ಒಂದಿಷ್ಟು ತಾಳ್ಮೆ.